ಕೆರೆ ನೀರು ಹಸಿರಾದಾಗ ರಂಜಕದ ಲೆಕ್ಕ ಹಿಡಿಯುವ ಬಗೆ

ಕೆಲವು ವರ್ಷಗಳ ಹಿಂದೆ, ಕಾರ್ತಿಕದ ಚಳಿ ಶುರುವಾಗುವ ಹೊತ್ತಿಗೆ, ದಾವಣಗೆರೆ ತಾಲ್ಲೂಕಿನ ನಮ್ಮೂರ ಕೆರೆಯನ್ನು ಮುಚ್ಚಿಕೊಂಡಿದ್ದ ಅಂತರಗಂಗೆಯನ್ನು ನಾವು ಮೂವತ್ತು ಮಂದಿ ಸೇರಿ ಹನ್ನೆರಡು ದಿನ ಎಳೆದು ದಡಕ್ಕೆ ಹಾಕಿದೆವು. ನೇರಳೆ ಹೂವಿನ ಈ ಜಲಕಳೆಯನ್ನು ನಮ್ಮ ಕಡೆ ಅಂತರಗಂಗೆ ಎಂದೇ ಕರೆಯುತ್ತಾರೆ. ಟ್ರ್ಯಾಕ್ಟರ್ ಬಾಡಿಗೆಗೆ ದುಡ್ಡು ಸಾಲದೆ ಹೋದದ್ದರಿಂದ ಎಳೆದದ್ದನ್ನೆಲ್ಲ ಏರಿಯ ಒಳಮೈಗೇ ರಾಶಿ ಹಾಕಿ, ಒಣಗಿದ ಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟೆವು. ಮುಂದಿನ ರೋಹಿಣಿ ಮಳೆಗೆ ಆ ರಾಶಿಯಿಂದ ಕಾಫಿ ಡಿಕಾಕ್ಷನ್ನಿನಂಥ ಕಪ್ಪು ರಸ ಇಳಿದು ನೀರಿಗೆ ಸೇರಿತು. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ತೂಬಿನ ಬಳಿಯ ನೀರು ಹಸಿರು ಡಿಸ್ಟೆಂಪರ್ ಬಳಿದಂತಾಗಿ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದ್ದವು. ತಪ್ಪು ನಮ್ಮದೇ ಆಗಿತ್ತು. ಕಳೆಯನ್ನು ನೀರಿನಿಂದ ಎತ್ತಿದ್ದೆವಾದರೂ ಕಳೆಯನ್ನು ಬೆಳೆಸಿದ ಸರಕನ್ನು ಕೆರೆಯೊಳಗೇ ಉಳಿಸಿದ್ದೆವು.

ಆ ಸರಕು ಮುಖ್ಯವಾಗಿ ರಂಜಕ, ಅಂದರೆ ಫಾಸ್ಫರಸ್. ಅದು ಎಷ್ಟು ಬರುತ್ತದೆ, ಎಲ್ಲಿಂದ ಬರುತ್ತದೆ, ಎಲ್ಲಿ ಕೂರುತ್ತದೆ, ಎಷ್ಟನ್ನು ನಿಜವಾಗಿಯೂ ಹೊರಸಾಗಿಸಬಹುದು ಎಂಬ ಲೆಕ್ಕವನ್ನು ಊರಿನವರೇ ಹಿಡಿಯುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕೆರೆ ಬಳಕೆದಾರರ ಸಂಘದವರು, ಪಂಚಾಯಿತಿ ಸದಸ್ಯರು, ಮೀನು ಗುತ್ತಿಗೆದಾರರು ಮತ್ತು ಕೆರೆಯ ಮೇಲ್ಭಾಗದಲ್ಲಿ ಹೊಲ ಇರುವವರು ಇದನ್ನು ಬಳಸಬಹುದು. ದಾವಣಗೆರೆ ನಗರ ಭದ್ರಾ ನೀರನ್ನು ಕುಂದವಾಡ ಕೆರೆಯಲ್ಲಿ ಕೂಡಿಟ್ಟು ಕುಡಿಯುತ್ತದೆ; ಚಿತ್ರದುರ್ಗಕ್ಕೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ ನೀರು ಹೋಗುತ್ತದೆ; ಫ್ಲೋರೈಡ್ ತುಂಬಿದ ಕೊಳವೆಬಾವಿಗಳನ್ನು ಬಿಟ್ಟು ಹೊರಬರಲು ಜಗಳೂರು, ಚಳ್ಳಕೆರೆ ಕಡೆಯ ಹಳ್ಳಿಗಳಿಗೆ ಇರುವ ದಾರಿಯೂ ಮೇಲ್ಮೈ ನೀರೇ. ಆದುದರಿಂದ ಇದನ್ನು ಮೀನಿನವರ ಚಿಂತೆ ಎಂದು ತಳ್ಳಿಹಾಕುವಂತಿಲ್ಲ.

ರಂಜಕವನ್ನೇ ಏಕೆ ಹಿಡಿಯಬೇಕು

ಪಾಚಿಗೂ ಜಲಕಳೆಗೂ ಇಂಗಾಲ, ಸಾರಜನಕ, ರಂಜಕ ಮೂರೂ ಬೇಕು. ಇಂಗಾಲ ಗಾಳಿಯಿಂದ ಬರುತ್ತದೆ. ಸಾರಜನಕ ಸಾಲದಾದಾಗ ನೀಲಿಹಸಿರು ಪಾಚಿಯ ಕೆಲವು ಜಾತಿಗಳು ಗಾಳಿಯಲ್ಲಿರುವುದನ್ನೇ ಹಿಡಿದು ಬಳಸಿಕೊಳ್ಳುತ್ತವೆ. ರಂಜಕಕ್ಕೆ ಮಾತ್ರ ಇಂಥ ಹಿಂಬಾಗಿಲು ಇಲ್ಲ. ಅದು ನೀರಿನೊಂದಿಗೆ ಅಥವಾ ಮಣ್ಣಿನೊಂದಿಗೆ ಹರಿದೇ ಬರಬೇಕು. 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226 ಎಂಬ ಸಂಖ್ಯೆಯ ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿ, ಒಂದಕ್ಕೆ ಇಂಗಾಲ ಮತ್ತು ಸಾರಜನಕವನ್ನು, ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಅರ್ಧ ಮಾತ್ರ ಪಾಚಿಯಿಂದ ಹಸಿರಾಯಿತು. ನಮ್ಮ ಕೆರೆಗಳು ಆ ತಣ್ಣನೆಯ ಸರೋವರಗಳಂತಲ್ಲ, ಸಾರಜನಕಕ್ಕೂ ಇಲ್ಲಿ ಪಾತ್ರವಿದೆ. ಆದರೂ ಹತೋಟಿಗೆ ಸಿಗುವ ಕೀಲಿ ರಂಜಕವೇ.

ಪ್ರಮಾಣದ ಅಂದಾಜಿಗೆ ಎಲ್ಲ ರೈತರಿಗೂ ಗೊತ್ತಿರುವ ಅಳತೆಯನ್ನೇ ತೆಗೆದುಕೊಳ್ಳುತ್ತೇನೆ. 50 ಕೆ.ಜಿಯ ಒಂದು ಡಿಎಪಿ ಗೊಬ್ಬರದ ಚೀಲದ ಮೇಲೆ ಶೇ 46 ಎಂದು ಬರೆದಿರುವುದು ರಂಜಕದ ಆಕ್ಸೈಡ್ ಲೆಕ್ಕ, ಅದನ್ನು 0.436ರಿಂದ ಗುಣಿಸಿದರೆ ಅಪ್ಪಟ ರಂಜಕ ಸಿಗುತ್ತದೆ. ಅಂದರೆ ಒಂದು ಚೀಲದಲ್ಲಿ ಸುಮಾರು 10 ಕೆ.ಜಿ ರಂಜಕ ಇರುತ್ತದೆ. ಹತ್ತು ಹೆಕ್ಟೇರ್, ಎಂದರೆ ಇಪ್ಪತ್ತೈದು ಎಕರೆ ವಿಸ್ತಾರದ, ಸರಾಸರಿ ಒಂದು ಮೀಟರ್ ನೀರಿರುವ ಕೆರೆಯಲ್ಲಿ ಒಂದು ಲಕ್ಷ ಘನ ಮೀಟರ್ ನೀರಿರುತ್ತದೆ. ಆ ಒಂದು ಚೀಲ ಪೂರ್ತಿ ಅದರಲ್ಲಿ ಕರಗಿದರೆ ಪ್ರತಿ ಲೀಟರಿಗೆ 0.1 ಮಿಲಿಗ್ರಾಂ, ಅಂದರೆ 100 ಮೈಕ್ರೋಗ್ರಾಂ ರಂಜಕವಾಗುತ್ತದೆ. ಸರೋವರಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ 35 ಮೈಕ್ರೋಗ್ರಾಂ ದಾಟಿದರೆ ಪೋಷಕಾಂಶ ಅತಿಯಾಯಿತೆಂದೂ, 100 ದಾಟಿದರೆ ಮಿತಿಮೀರಿತೆಂದೂ ಎಣಿಸುತ್ತಾರೆ. ಇಪ್ಪತ್ತೈದು ಎಕರೆಯ ಕೆರೆಯನ್ನು ಕೆಡಿಸಲು ಒಂದು ಚೀಲ ಸಾಕು ಎಂದರೆ ನಮ್ಮ ಸಂಘದ ಸಭೆಯಲ್ಲಿ ಯಾರೂ ನಂಬಲಿಲ್ಲ. ಹಲಗೆಯ ಮೇಲೆ ಗುಣಾಕಾರ ಮಾಡಿ ತೋರಿಸಬೇಕಾಯಿತು. ಅಂದಿನಿಂದ ನಮ್ಮಲ್ಲಿ ಎಲ್ಲ ಲೆಕ್ಕವೂ ಡಿಎಪಿ ಚೀಲದಲ್ಲೇ ನಡೆಯುತ್ತದೆ, ಈ ಬರಹದಲ್ಲಿಯೂ ಹಾಗೆಯೇ.

ಇನ್ನೊಂದು ಮಾತು. ನಮ್ಮ ಬಯಲುಸೀಮೆಯಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ. ರಂಜಕ ಕೆರೆಯಲ್ಲೇ ಉಳಿಯುತ್ತದೆ. ಕೋಡಿ ಬೀಳದ ಕೆರೆ ಒಲೆಯ ಮೇಲಿಟ್ಟ ಪಾತ್ರೆಯಂತೆ ವರ್ಷ ವರ್ಷವೂ ಗಟ್ಟಿಯಾಗುತ್ತ ಹೋಗುತ್ತದೆ.

ಮೊದಲು ನೀರನ್ನು ನೋಡಿ ಅಳೆಯಬೇಕು

ಉಪಕರಣ ಕೊಳ್ಳುವ ಮೊದಲು ಒಂದು ಸ್ಟೀಲ್ ತಟ್ಟೆಯಿಂದ ಆರಂಭಿಸಬೇಕು. 20 ಸೆಂ.ಮೀ ಅಗಲದ ಚಪ್ಪಟೆ ತಟ್ಟೆಗೆ ಎನಾಮಲ್ ಬಣ್ಣದಲ್ಲಿ ನಾಲ್ಕು ಕಾಲುಭಾಗಗಳನ್ನು ಒಂದು ಬಿಟ್ಟು ಒಂದು ಕಪ್ಪು, ಬಿಳಿ ಬಳಿದು, ನಡುವೆ ತೂತು ಕೊರೆದು, ಹಗ್ಗ ಪೋಣಿಸಿ, ತಳಕ್ಕೆ ಒಂದು ಕಬ್ಬಿಣದ ನಟ್ಟು ಕಟ್ಟಿದರೆ ಆಯಿತು. ಇಟಲಿಯ ಏಂಜಲೋ ಸೆಕ್ಕಿ 1865ರಲ್ಲಿ ಬಳಕೆಗೆ ತಂದ ಈ ತಟ್ಟೆಗೆ ಅವರ ಹೆಸರೇ ನಿಂತಿದೆ. ಹಗ್ಗಕ್ಕೆ ಪ್ರತಿ 10 ಸೆಂ.ಮೀಗೆ ಒಂದು ಗಂಟು ಹಾಕಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ, ತೆಪ್ಪದ ನೆರಳಿರುವ ಪಕ್ಕದಿಂದ ನೀರಿಗೆ ಇಳಿಬಿಡಬೇಕು. ತಟ್ಟೆ ಕಾಣದಾಗುವ ಆಳವನ್ನೂ, ಮೇಲೆ ಎಳೆಯುವಾಗ ಮತ್ತೆ ಕಾಣಿಸುವ ಆಳವನ್ನೂ ಬರೆದುಕೊಂಡು ಎರಡರ ಸರಾಸರಿ ತೆಗೆಯಬೇಕು. ಒಂದೇ ಜಾಗ, ಒಂದೇ ಹೊತ್ತು, ಸಾಧ್ಯವಾದಷ್ಟು ಒಬ್ಬರದೇ ಕಣ್ಣು ಇರಲಿ. ನಮ್ಮಲ್ಲಿ ಕನ್ನಡಕ ಬದಲಾದ ವಾರ ನೀರು ಇದ್ದಕ್ಕಿದ್ದಂತೆ ತಿಳಿಯಾದದ್ದೂ ಉಂಟು.

ಮಳೆಗಾಲದಲ್ಲಿ ತಟ್ಟೆ ಬೇಗ ಮರೆಯಾಗುವುದು ಎರೆಮಣ್ಣಿನ ಕದಡಿನಿಂದಲೂ ಆಗಿರಬಹುದು. ಪಾಚಿಯೇ ಕಾರಣವೆನ್ನಲು ಇನ್ನೊಂದು ಪರೀಕ್ಷೆ ಬೇಕು. ಒಂದು ಗಾಜಿನ ಉಪ್ಪಿನಕಾಯಿ ಭರಣಿಗೆ ಮುಕ್ಕಾಲು ಭಾಗ ಕೆರೆ ನೀರು ತುಂಬಿ, ಮುಚ್ಚಿ, ಅಲುಗಾಡದ ಕಡೆ ಒಂದು ರಾತ್ರಿ ಇಡಬೇಕು. ಬೆಳಿಗ್ಗೆ ಕೆಸರು ತಳದಲ್ಲಿ ಕೂತಿದ್ದರೆ ಅದು ಮಣ್ಣು. ಹಸಿರು ಪದರ ಮೇಲೆದ್ದು ಭರಣಿಯ ಕುತ್ತಿಗೆಗೆ ಉಂಗುರದಂತೆ ಅಂಟಿಕೊಂಡಿದ್ದರೆ ಅದು ನೀಲಿಹಸಿರು ಪಾಚಿಯ ಸೂಚನೆ, ಏಕೆಂದರೆ ಅದರ ಜೀವಕೋಶಗಳಲ್ಲಿ ತೇಲಿಸುವ ಗಾಳಿಗುಳ್ಳೆಗಳಿರುತ್ತವೆ. ದಡದ ಹಸಿರನ್ನು ಕಡ್ಡಿಯಿಂದ ಎತ್ತಿ ನೋಡುವುದೂ ಉಪಯುಕ್ತ: ಕೂದಲೆಳೆಯಂತೆ ಕಡ್ಡಿಗೆ ಜೋತುಬಿದ್ದರೆ ಅದು ಸಾಮಾನ್ಯ ಎಳೆಪಾಚಿ, ಪೇಂಟಿನಂತೆ ಕಡ್ಡಿಗೆ ಮೆತ್ತಿಕೊಂಡರೆ ಎಚ್ಚರ ವಹಿಸಬೇಕು. ಮೈಕ್ರೋಸಿಸ್ಟಿಸ್ ಎಂಬ ಜಾತಿ ಯಕೃತ್ತಿಗೆ ಏಟು ಕೊಡುವ ವಿಷವನ್ನು ಉತ್ಪಾದಿಸಬಲ್ಲದು, ಮತ್ತು ಆ ವಿಷ ನೀರನ್ನು ಕುದಿಸಿದರೂ ಹೋಗುವುದಿಲ್ಲ. ಅಂಥ ಪದರ ಗಾಳಿಗೆ ಸರಿದು ಬಂದು ಸೇರಿದ ದಡದಲ್ಲಿ ದನ ಕುಡಿಸಬಾರದು, ಮಕ್ಕಳನ್ನು ಈಜಲು ಬಿಡಬಾರದು.

ಕರಗಿದ ಆಮ್ಲಜನಕವನ್ನು ಸಣ್ಣ ಕಿಟ್ಟಿನಿಂದ ಅಳೆಯಬಹುದು, ಆದರೆ ಅಳೆಯುವ ಹೊತ್ತು ಮುಖ್ಯ. ಹಸಿರು ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಅಳೆದರೆ ಪಾಚಿ ಬಿಸಿಲಿನಲ್ಲಿ ಹೊರಬಿಟ್ಟ ಆಮ್ಲಜನಕ ಸೇರಿ ಅಂಕಿ ಬಹಳ ಚೆನ್ನಾಗಿ ಕಾಣುತ್ತದೆ. ಅದೇ ಪಾಚಿ ರಾತ್ರಿಯೆಲ್ಲ ಉಸಿರಾಡಿ ಸೂರ್ಯೋದಯಕ್ಕೆ ಮುಂಚೆ ಅದನ್ನು ಮುಗಿಸಿರುತ್ತದೆ. 30 ಡಿಗ್ರಿ ಉಷ್ಣತೆಯ ನೀರು ಸಹಜವಾಗಿ ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ಮಧ್ಯಾಹ್ನ ಅದಕ್ಕಿಂತ ಬಹಳ ಹೆಚ್ಚಿದ್ದು, ಬೆಳಗಿನ ಜಾವ 4 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಕೆರೆ ಅಸ್ವಸ್ಥವಾಗಿದೆ ಎಂದೇ ಅರ್ಥ. ಮೀನುಗಾರಿಕೆಗೂ, ಶುದ್ಧೀಕರಿಸಿ ಕುಡಿಯಲು ಬಳಸುವ ನೀರಿಗೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಕನಿಷ್ಠ ಮಟ್ಟವೂ 4 ಮಿಲಿಗ್ರಾಂ. ಎರಡು ದಿನ ಮೋಡ ಕವಿದು ಗಾಳಿ ನಿಂತರೆ ಮೂರನೆಯ ಬೆಳಿಗ್ಗೆ ಕೆರೆಗೆ ಹೋಗಿ ನೋಡಬೇಕು.

ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ ನಾವು ಮಾಡಿದ ಎರಡು ತಪ್ಪುಗಳನ್ನು ಹೇಳಿಬಿಡುತ್ತೇನೆ. ಮೊದಲನೆಯದು, ಬಾಟಲಿಯನ್ನು ಪಾತ್ರೆ ತೊಳೆಯುವ ಪುಡಿಯಿಂದ ಉಜ್ಜಿ ತೊಳೆದದ್ದು. ಅಂಥ ಪುಡಿಗಳಲ್ಲಿ ರಂಜಕದ ಲವಣವಾದ ಫಾಸ್ಫೇಟ್ ಇರಬಹುದಾದ್ದರಿಂದ ನೀರಿನ ಅಂಕಿಯೇ ಕೆಡುತ್ತದೆ. ಹೊಸ ಬಾಟಲಿಯನ್ನು ಕೆರೆ ನೀರಿನಿಂದಲೇ ಮೂರು ಸಲ ಅಲುಗಿಸಿ ಚೆಲ್ಲಿ, ಮೊಣಕೈ ಮುಳುಗುವಷ್ಟು ಆಳದಿಂದ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಎರಡನೆಯದು, ನೀರಿನಲ್ಲಿ ಕರಗಿರುವ ಫಾಸ್ಫೇಟ್ ಮಾತ್ರ ಕೇಳಿದ್ದು. ಅಚ್ಚ ಹಸಿರು ನೀರಿನ ವರದಿ ಬಹುತೇಕ ಸೊನ್ನೆ ಎಂದು ಬಂದಾಗ ನಾವು ಹಿಗ್ಗಿದ್ದೆವು. ಪಾಚಿ ನುಂಗಿ ಮೈಗೂಡಿಸಿಕೊಂಡ ರಂಜಕ ಆ ಪರೀಕ್ಷೆಯಲ್ಲಿ ಸಿಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಆದುದರಿಂದ ಅರ್ಜಿಯಲ್ಲಿ 'ಒಟ್ಟು ರಂಜಕ' ಎಂದೇ ಬರೆಸಬೇಕು. ಫಲಿತಾಂಶ ಫಾಸ್ಫೇಟ್ ಲೆಕ್ಕದಲ್ಲಿ ಬಂದಿದ್ದರೆ ಮೂರರಿಂದ ಭಾಗಿಸಿದರೆ ರಂಜಕದ ಅಂಕಿ ಸಿಗುತ್ತದೆ.

ಪಕ್ಕದ ಬಾವಿ, ಕೊಳವೆಬಾವಿಗಳಲ್ಲಿ ನೈಟ್ರೇಟನ್ನೂ ನೋಡಿಸುವುದು ಒಳ್ಳೆಯದು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ, ಇದರಲ್ಲಿ ಸಡಿಲಿಕೆ ಇಲ್ಲ. ಜಲ ಜೀವನ್ ಮಿಷನ್‌ನಡಿ ತರಬೇತಿ ಪಡೆದ ಮಹಿಳೆಯರ ಬಳಿ ಇರುವ ಕಿಟ್ ಇದಕ್ಕೆ ಸಾಕು.

ನೀರು ಬರುವ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು

ಕೆರೆಯ ದಡದಲ್ಲಿ ನಿಂತು ಕಾರಣ ಹುಡುಕಿದರೆ ಸಿಗುವುದಿಲ್ಲ. ದಿಶಾಂಕ್ ಆ್ಯಪಿನಲ್ಲಿ ಊರಿನ ನಕ್ಷೆ ತೆರೆದು ಕೆರೆಗೆ ಸೇರುವ ಹಳ್ಳ, ಪೋಷಕ ಕಾಲುವೆ, ಬಸಿಗಾಲುವೆಗಳನ್ನು ಕಾಗದದ ಮೇಲೆ ಗುರುತಿಸಿಕೊಂಡು, ಮೃಗಶಿರಾ ಮಳೆ ಜೋರಾಗಿ ಬಿದ್ದ ದಿನವೇ, ನೀರು ಇನ್ನೂ ಹರಿಯುತ್ತಿರುವಾಗ, ಕೆರೆಯಿಂದ ಮೇಲಕ್ಕೆ ನಡೆಯಬೇಕು. ಬೇಸಿಗೆಯಲ್ಲಿ ನಿರುಪದ್ರವಿಯಂತೆ ಕಾಣುವ ತಿಪ್ಪೆಯೊಂದು ಅಂದು ಕಾಲುವೆಗೆ ಕಂದು ನೀರು ಬಿಡುತ್ತಿರುವುದು ಆಗ ಮಾತ್ರ ಕಣ್ಣಿಗೆ ಬೀಳುತ್ತದೆ. ಮೆಕ್ಕೆಜೋಳದ ಹೊಲದ ಇಳಿಜಾರಿನ ಮೂಲೆಯಲ್ಲಿ ಬದು ಒಡೆದಿರುವುದು, ಕೋಳಿ ಫಾರಂ ಹಿಂದಿನ ಗುಂಡಿ ತುಂಬಿ ಹರಿಯುವುದು, ಊರಿನ ಚರಂಡಿಗಳೆಲ್ಲ ಎಲ್ಲಿ ಒಟ್ಟಾಗುತ್ತವೆ ಎಂಬುದು, ಇವನ್ನೆಲ್ಲ ಫೋಟೊ ಸಮೇತ ದಾಖಲಿಸಬೇಕು. ನಡೆಯುವಾಗ ಮೇಲ್ಭಾಗದ ರೈತರನ್ನೂ ಕರೆದುಕೊಂಡು ಹೋಗುವುದು ಜಾಣತನ. ಆಮೇಲೆ ಹೋಗಿ ಬೆರಳು ತೋರಿಸಿದರೆ ಜಗಳವೇ ಆಗುತ್ತದೆ.

ವರ್ಷವಿಡೀ ಹರಿಯುವ ಚರಂಡಿಯ ಹೊರೆಯನ್ನು ಅಳೆಯುವುದು ಕಷ್ಟವಲ್ಲ. ನೇರವಾಗಿರುವ ಎರಡು ಮೀಟರ್ ಉದ್ದವನ್ನು ಗುರುತಿಸಿ, ಒಂದು ನಿಂಬೆಹಣ್ಣನ್ನು ತೇಲಿಬಿಟ್ಟು ಅದು ದಾಟಲು ಹಿಡಿಯುವ ಸೆಕೆಂಡುಗಳನ್ನು ಎಣಿಸಬೇಕು. ನಮ್ಮ ಚರಂಡಿಯಲ್ಲಿ ನೀರಿನ ಅಗಲ 30 ಸೆಂ.ಮೀ, ಆಳ 5 ಸೆಂ.ಮೀ, ಕಾಲ ಹತ್ತು ಸೆಕೆಂಡು. ಅಗಲ, ಆಳ, ವೇಗಗಳನ್ನು ಗುಣಿಸಿ, ತಳದ ನೀರು ಮೇಲಿನದಕ್ಕಿಂತ ನಿಧಾನವಾಗಿ ಹರಿಯುವುದರಿಂದ 0.8ರಿಂದ ಗುಣಿಸಿದರೆ ಸೆಕೆಂಡಿಗೆ 2.4 ಲೀಟರ್ ಆಗುತ್ತದೆ. ಬೆಳಿಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಿನಲ್ಲಿ ಹೆಚ್ಚು, ರಾತ್ರಿ ಕಡಿಮೆ ಇರುವುದರಿಂದ ದಿನದಲ್ಲಿ ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯುವುದು ಸರಿಯಾದ ಕ್ರಮ. ಸರಾಸರಿ 2.4 ಲೀಟರೇ ಎಂದುಕೊಂಡು, ಆ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ರಂಜಕವಿದ್ದರೆ ದಿನಕ್ಕೆ ಸುಮಾರು 620 ಗ್ರಾಂ, ಅಂದರೆ ಹದಿನಾರು ದಿನಕ್ಕೊಂದು ಡಿಎಪಿ ಚೀಲ ಕೆರೆಗೆ ಬೀಳುತ್ತದೆ. ವರ್ಷಕ್ಕೆ ಇಪ್ಪತ್ತಮೂರು ಚೀಲವಾಯಿತು. ಈ ಅಂಕಿ ಕೈಯಲ್ಲಿಲ್ಲದೆ ಕಳೆ ಕೀಳಲು ಹೊರಟರೆ ನಮ್ಮ ಹನ್ನೆರಡು ದಿನದ ಶ್ರಮದ ಗತಿಯೇ ಆಗುತ್ತದೆ.

ಒಳಬರುವುದನ್ನು ತಡೆಯುವ ಕೆಲಸ

ಚರಂಡಿಯನ್ನು ಬೇರೆ ಕಡೆ ತಿರುಗಿಸಲು ಸಾಧ್ಯವಿಲ್ಲದಿದ್ದರೆ ಕೆರೆಯ ಬಾಯಿಗೆ ಮುನ್ನ ಒಂದು ಕೂರುಗುಂಡಿ, ಅದರ ಮುಂದೆ ಒಂದು ಜೌಗು ಹಾಸು ಮಾಡಬೇಕು. ಮೇಲಿನ ಚರಂಡಿಯಲ್ಲಿ ದಿನಕ್ಕೆ 200 ಘನ ಮೀಟರ್ ನೀರು ಬರುತ್ತದೆ. ಒಂದು ದಿನದ ನೀರು ನಿಲ್ಲುವಷ್ಟು ಗುಂಡಿಯಲ್ಲಿ ಕೆಸರು ಕೂರುತ್ತದೆ. ಅಲ್ಲಿಂದ ಅರ್ಧ ಎಕರೆ ವಿಸ್ತಾರದಲ್ಲಿ ಒಂದಡಿ ಆಳಕ್ಕೆ ನೀರು ನಿಲ್ಲಿಸಿ ಆಪು, ಜೊಂಡು ಬೆಳೆಸಿದರೆ ಇನ್ನೂ ಮೂರು ದಿನ ನೀರು ಅಲ್ಲಿ ತಂಗುತ್ತದೆ. ನೀರು ಒಂದೇ ಗೆರೆಯಲ್ಲಿ ನುಗ್ಗದಂತೆ ಅಡ್ಡ ಬದುಗಳನ್ನು ಹಾವಿನ ನಡಿಗೆಯಂತೆ ಹಾಕಬೇಕು. ಇಂಥ ಹಾಸು ಕೊಳೆಯನ್ನೂ ಸಾರಜನಕವನ್ನೂ ಚೆನ್ನಾಗಿ ಇಳಿಸುತ್ತದೆ. ರಂಜಕದ ಮಟ್ಟಿಗೆ ಮಾತ್ರ ಅದು ಗೋದಾಮು. ಗುಂಡಿಯ ಕೆಸರನ್ನು ವರ್ಷಕ್ಕೊಮ್ಮೆ ಎತ್ತಿ, ಜೊಂಡನ್ನು ಎರಡು ಸಲ ಕೊಯ್ದು ಹೊರಸಾಗಿಸದಿದ್ದರೆ ತುಂಬಿದ ಗೋದಾಮು ಮತ್ತೆ ಕೆರೆಗೇ ಬಿಡತೊಡಗುತ್ತದೆ. ಜೊಂಡು ನೆಟ್ಟು ಉದ್ಘಾಟನೆ ಮಾಡಿ ಮರೆತ ಹಾಸುಗಳನ್ನು ನೋಡಿದ ಮೇಲೆ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಮನೆಮಟ್ಟದಲ್ಲಿ ಬಚ್ಚಲ ನೀರಿಗೆ ಇಂಗುಗುಂಡಿಯೋ ಬಾಳೆ ಪಾತಿಯೋ ಇದ್ದರೆ ಹಾಸಿನ ಅರ್ಧ ಹೊರೆ ಅಲ್ಲೇ ಇಳಿಯುತ್ತದೆ.

ಗದ್ದೆಯ ವಿಷಯದಲ್ಲಿ ಭದ್ರಾ ಅಚ್ಚುಕಟ್ಟಿನವರು ಗಮನಿಸಬೇಕಾದದ್ದು ಗೊಬ್ಬರ ಎರಚಿದ ನಂತರದ ಕೆಲವು ದಿನಗಳನ್ನು. ಡಿಎಪಿಯನ್ನು ಕೊನೆಯ ಕೆಸರುಳುಮೆಯಲ್ಲಿ ಮಣ್ಣಿಗೆ ಸೇರಿಸಿದರೆ ರಂಜಕ ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದೆ. ನಾಟಿಯಾದ ಮೇಲೆ ನಿಂತ ನೀರಿನಲ್ಲಿ ಎರಚಿ ಮರುದಿನವೇ ಬಸಿಗಾಲುವೆಗೆ ನೀರು ಬಿಟ್ಟರೆ ದುಡ್ಡೂ ಹೋಯಿತು, ಕೆರೆಯೂ ಕೆಟ್ಟಿತು. ಎರಚಿದ ಮೇಲೆ ಕನಿಷ್ಠ ಐದಾರು ದಿನ ಮಡಿಯ ಬಾಯಿ ಮುಚ್ಚಿರಬೇಕು. ನಾಲೆಯಲ್ಲಿ ನೀರು ಬಂದಾಗಲೇ ಬಿಟ್ಟುಕೊಳ್ಳಬೇಕೆಂಬ ಕೊನೆಭಾಗದ ಆತುರ ನನಗೂ ಗೊತ್ತು, ಆದುದರಿಂದ ಸರದಿಯ ದಿನಾಂಕ ಕೇಳಿಕೊಂಡು ಗೊಬ್ಬರದ ದಿನ ಗೊತ್ತುಮಾಡುವುದೇ ಉಪಾಯ. ಮಣ್ಣು ಪರೀಕ್ಷೆಯಲ್ಲಿ ರಂಜಕ 'ಹೆಚ್ಚು' ಎಂದು ಬಂದ ಹೊಲಗಳಿಗೆ ಎಷ್ಟು ಇಳಿಸಬಹುದು ಎಂಬುದನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ಹಿರಿಯೂರು ಬಳಿಯ ಬಬ್ಬೂರು ಫಾರಂನಲ್ಲಾಗಲಿ ಕೇಳಿ ತಿಳಿಯಬಹುದು.

ಮಳೆಯಾಶ್ರಿತ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಹೊಲಗಳಲ್ಲಿ ರಂಜಕ ಹೊರಡುವುದು ಹೆಚ್ಚಾಗಿ ಮಣ್ಣಿನ ಕಣದ ಬೆನ್ನೇರಿ. ಅಲ್ಲಿ ಬದು ಗಟ್ಟಿ ಮಾಡುವುದು, ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು, ಹಳ್ಳದ ಎರಡೂ ಮಗ್ಗುಲಲ್ಲಿ ನಾಲ್ಕೈದು ಮಾರು ಹುಲ್ಲು ಬಿಡುವುದು, ಇಷ್ಟೇ ಸಾಕು. ತಿಪ್ಪೆಗಳನ್ನು ಮಳೆಗಾಲಕ್ಕೆ ಮೊದಲು ಕಾಲುವೆಯ ದಂಡೆಯಿಂದ ಸರಿಸಬೇಕು.

ಮೀನು ಗುತ್ತಿಗೆಯ ಕರಾರನ್ನು ಓದದೆ ಸಹಿ ಹಾಕಬಾರದು. ಒಂದು ಟನ್ ಮೀನು ಹಿಡಿದು ಮಾರಿದರೆ ಅದರ ಮೈಯಲ್ಲಿ ನಾಲ್ಕೈದು ಕೆ.ಜಿ ರಂಜಕ ಕೆರೆಯಿಂದ ಹೊರಹೋಗುತ್ತದೆ, ಅಂದರೆ ಅರ್ಧ ಚೀಲ. ಮೇವು ಹಾಕದೆ ಬೆಳೆಸಿದ ಮೀನು ಕೆರೆಗೆ ಉಪಕಾರಿಯೇ. ಆದರೆ ಮೀನು ಬೇಗ ಬೆಳೆಯಲೆಂದು ಒಂದು ಟನ್ ಕೋಳಿಗೊಬ್ಬರ ಸುರಿದರೆ ಸುಮಾರು ಒಂದು ಪೂರ್ತಿ ಚೀಲ ಒಳಗೆ ಬರುತ್ತದೆ. ಲೆಕ್ಕ ಅಲ್ಲೇ ತಲೆಕೆಳಗಾಯಿತು. ಕೋಳಿಗೊಬ್ಬರ, ಕೋಳಿ ತ್ಯಾಜ್ಯ, ಯೂರಿಯಾ ಹಾಕಕೂಡದು ಎಂಬ ಷರತ್ತು ಕರಾರಿನಲ್ಲಿ ಲಿಖಿತವಾಗಿ ಇರಬೇಕು. ಹಸಿರು ಕೆರೆಗೆ ಯೂರಿಯಾ ಇನ್ನೂ ಅಪಾಯಕಾರಿ, ಏಕೆಂದರೆ ಅದು ನೀರಿನಲ್ಲಿ ಅಮೋನಿಯವಾಗುತ್ತದೆ, ಮತ್ತು ಪಾಚಿ ಹೆಚ್ಚಿದ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಮಧ್ಯಾಹ್ನ 9ಕ್ಕೆ ಏರುತ್ತದೆ. ಪಿಎಚ್ 7ರಲ್ಲಿ ಶೇ 1ಕ್ಕೂ ಕಡಿಮೆಯಿರುವ ಅಮೋನಿಯದ ವಿಷರೂಪ 9ರಲ್ಲಿ ಮೂರರಲ್ಲಿ ಒಂದು ಪಾಲಾಗುತ್ತದೆ. ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಬೇರೆ ಹೇಳಬೇಕಿಲ್ಲ.

ಈಗಾಗಲೇ ಒಳಗಿರುವುದನ್ನು ಹೊರಸಾಗಿಸುವುದು

ಅಂತರಗಂಗೆಯ ತೂಕದಲ್ಲಿ ಶೇ 95ರಷ್ಟು ನೀರೇ. ಎರಡು ಟನ್ ಹಸಿಕಳೆಯ ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಒಣ ಅಂಶ ನೂರು ಕೆ.ಜಿ, ಅದರಲ್ಲಿ ರಂಜಕ ಅರ್ಧ ಕೆ.ಜಿಗಿಂತ ಕಡಿಮೆ. ಒಂದು ಡಿಎಪಿ ಚೀಲದಷ್ಟು ಹೊರತೆಗೆಯಲು ಇಪ್ಪತ್ತು ಇಪ್ಪತ್ತೈದು ಲೋಡು ಬೇಕು. ಹಾಗೆಂದು ಕೀಳುವುದು ದಂಡವಲ್ಲ. ತೂಬು ಕಟ್ಟದಿರಲು, ಗಾಳಿ ಬೆಳಕು ನೀರಿಗೆ ತಾಗಲು, ಸೊಳ್ಳೆ ಇಳಿಯಲು ಕೀಳಲೇಬೇಕು. ಕಿತ್ತದ್ದನ್ನು ಏರಿಯ ಹೊರಮೈಯಾಚೆ, ಕೆರೆಗೆ ನೀರು ಹರಿಯದ ಕಡೆ ಸಾಗಿಸಿ ಸಗಣಿಯೊಂದಿಗೆ ಪದರ ಪದರವಾಗಿ ಗೊಬ್ಬರಕ್ಕೆ ಹಾಕಬೇಕು. ಹೂ ಬಿಡುವ ಮುನ್ನ ಕೀಳಬೇಕು, ಏಕೆಂದರೆ ಕೆಸರಿನಲ್ಲಿ ಬಿದ್ದ ಬೀಜ ವರ್ಷಗಟ್ಟಲೆ ಬದುಕಿರುತ್ತದೆ. ಅಮೆಜಾನ್ ಮೂಲದ ಈ ಕಳೆಯನ್ನೇ ತಿನ್ನುವ ನಿಯೊಚೆಟಿನ ಎಂಬ ಮೂತಿಹುಳುಗಳನ್ನು 1980ರ ದಶಕದಲ್ಲಿ ಬೆಂಗಳೂರು ಸುತ್ತಲ ಕೆರೆಗಳಲ್ಲಿ ಬಿಟ್ಟು ಯಶಸ್ಸು ಕಂಡದ್ದಿದೆ. ಆದರೆ ಹುಳು ತಿಂದು ಸತ್ತ ಕಳೆ ತಳಕ್ಕೇ ಸೇರುವುದರಿಂದ ರಂಜಕದ ಲೆಕ್ಕದಲ್ಲಿ ಅದಕ್ಕೆ ಅಂಕವಿಲ್ಲ.

ನಿಜವಾದ ದಾಸ್ತಾನು ಇರುವುದು ಹೂಳಿನಲ್ಲಿ. ಆಮ್ಲಜನಕ ಇರುವಾಗ ರಂಜಕ ಹೂಳಿನ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ತಳದ ನೀರಿನಲ್ಲಿ ಆಮ್ಲಜನಕ ಮುಗಿದಾಗ ಆ ಹಿಡಿತ ಸಡಿಲವಾಗಿ ಮತ್ತೆ ನೀರಿಗೆ ಬರುತ್ತದೆ. ಚರಂಡಿಯನ್ನು ಪೂರ್ತಿ ತಡೆದ ಕೆರೆಯೂ ಹಲವು ವರ್ಷ ಹಸಿರಾಗಿಯೇ ಉಳಿಯುವುದು ಇದರಿಂದ.

ನಮ್ಮ ಹಿರಿಯರು ರಂಜಕದ ಹೆಸರು ಕೇಳದೆಯೇ ಈ ಕೆಲಸ ಮಾಡುತ್ತಿದ್ದರು. ಯುಗಾದಿ ಕಳೆದ ಮೇಲೆ ಕೆರೆಯಂಗಳ ಒಣಗಿ ಬಿರುಕು ಬಿಟ್ಟಾಗ ಗಾಡಿ ಕಟ್ಟಿಕೊಂಡು ಗೋಡು, ಅಂದರೆ ಕೆರೆಯ ಹೂಳು, ಹೊಡೆಯುತ್ತಿದ್ದರು. ಹೊಲದಿಂದ ಕೊಚ್ಚಿ ಬಂದದ್ದು ಹೊಲಕ್ಕೇ ವಾಪಸ್ಸು ಹೋಗುತ್ತಿತ್ತು. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ತುಂಬಿಸುವ ಜಗಳೂರಿನ 57 ಕೆರೆಗಳ ಯೋಜನೆ, ಭರಮಸಾಗರದ ಯೋಜನೆಗಳಿಂದ ಬರದ ನಾಡಿಗೆ ನೀರು ಸಿಕ್ಕಿರುವುದು ದೊಡ್ಡ ಮಾತು, ಅದರ ಬೆಲೆ ಅಲ್ಲಿಯ ಬಾವಿಗಳನ್ನು ಕೇಳಬೇಕು. ಆದರೆ ವರ್ಷವಿಡೀ ತುಂಬಿರುವ ಕೆರೆಯಲ್ಲಿ ಗೋಡು ಹೊಡೆಯುವ ಹೊತ್ತೇ ಬರುವುದಿಲ್ಲ. ಅಂಥ ಕೆರೆಗಳವರು ನಾಲ್ಕೈದು ವರ್ಷಕ್ಕೊಮ್ಮೆ ಒಂದು ಬೇಸಿಗೆ ತುಂಬಿಸುವುದನ್ನು ತಡಮಾಡಿಸಿ, ಅಂಗಳದ ಒಂದು ಭಾಗವನ್ನಾದರೂ ಒಣಗಿಸಿ ಹೂಳು ತೆಗೆಯುವ ವ್ಯವಸ್ಥೆಯನ್ನು ಈಗಲೇ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಒಣಗಿಸಿ ತೆಗೆಯದೆ ಬಿಟ್ಟರೆ ಮಾತ್ರ ಅನುಕೂಲಕ್ಕಿಂತ ತೊಂದರೆಯೇ ಹೆಚ್ಚು: ಒಣಗಿದ ಹೂಳು ಮೊದಲ ನೀರಿಗೆ ನೆನೆದಾಗ ಒಮ್ಮೆಲೇ ಬಹಳ ರಂಜಕ ಬಿಡುತ್ತದೆ.

ಹೂಳೆತ್ತುವಾಗ ಆಳ ನೋಡಿಕೊಂಡು ತೆಗೆಯಬೇಕು. ಕಪ್ಪು ಮೃದು ಪದರ ಮುಗಿದು ಮೂಲ ಜೇಡಿ ಸಿಕ್ಕಲ್ಲಿ ನಿಲ್ಲಿಸಬೇಕು. ಜೆಸಿಬಿ ಇದೆಯೆಂದು ಗರಸಿನವರೆಗೆ ಅಗೆದರೆ ಕೆರೆ ನೀರು ಹಿಡಿಯದು, ಕಡಿದಾದ ಗುಂಡಿಗಳಲ್ಲಿ ಮಕ್ಕಳು ಜಾರಿ ಬೀಳುವ ಅಪಾಯ ಬೇರೆ. ಏರಿಯ ಬುಡದಿಂದ ದೂರವಿರಬೇಕು. ಹಿನ್ನೀರಿನ ಆಳವಿಲ್ಲದ ಅಂಚನ್ನೂ ಅಲ್ಲಿಯ ಜೊಂಡನ್ನೂ ಮುಟ್ಟದೆ ಬಿಡಬೇಕು, ಹಕ್ಕಿಗೂ ಮೀನಿನ ಮೊಟ್ಟೆಗೂ ಅದೇ ಜಾಗ. ಗೋಡು ಕೆಂಪು ಮರಳುಮಿಶ್ರಿತ ಹೊಲಕ್ಕೆ ವರ, ಎರೆಹೊಲಕ್ಕೆ ಅದರ ಅಗತ್ಯವಿಲ್ಲ. ನಗರದ ಚರಂಡಿ ಸೇರುವ ಕೆರೆಯ ಹೂಳನ್ನು ಭಾರಲೋಹಗಳ ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬಾರದು.

ಪಾಚಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಪಾಚಿ ಎರಡು ದಿನದಲ್ಲಿ ಸಾಯುತ್ತದೆ, ಸತ್ತ ಕೋಶಗಳು ಒಡೆದು ಒಳಗಿನ ವಿಷ ನೀರಿಗೆ ಬಿಡುತ್ತವೆ, ಕೊಳೆತು ಆಮ್ಲಜನಕ ಕುಡಿಯುತ್ತವೆ, ತಾಮ್ರ ಹೂಳಿನಲ್ಲಿ ಉಳಿಯುತ್ತದೆ, ರಂಜಕ ಇದ್ದಲ್ಲೇ ಇರುತ್ತದೆ. ಕಳೆನಾಶಕದ ಕಥೆಯೂ ಇದೇ. ನೀರಿಗೆ ಗಾಳಿ ಸೇರಿಸುವ ಕಾರಂಜಿಯು ಮೀನಿನ ಜೀವ ಉಳಿಸಬಹುದು, ಆದರೆ ರಂಜಕವನ್ನು ಒಂದು ಗ್ರಾಮೂ ಇಳಿಸದು. ನೀರನ್ನು ವಾರದಲ್ಲಿ ತಿಳಿಯಾಗಿಸುವ ಪುಡಿ, ದ್ರಾವಣಗಳನ್ನು ಮಾರುವವರು ಬಂದರೆ ರಂಜಕ ಕೊನೆಗೆ ಎಲ್ಲಿ ಹೋಗುತ್ತದೆ ಎಂದು ಒಂದೇ ಪ್ರಶ್ನೆ ಕೇಳಿ ನೋಡಬೇಕು.

ಕಚೇರಿ ಮತ್ತು ಕಡತ

40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತ್ ವ್ಯವಸ್ಥೆಯ ಕೈಯಲ್ಲಿರುತ್ತದೆ, ಅದಕ್ಕಿಂತ ದೊಡ್ಡದು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು. ಹೂಳೆತ್ತಲು, ಹಾಸು ಮಾಡಲು ಅವರ ಲಿಖಿತ ಅನುಮತಿ ಮೊದಲೇ ಪಡೆಯಬೇಕು. ಕೆರೆಗೆ ಕೊಳಚೆ ಬಿಡುವುದರ ವಿರುದ್ಧ 1974ರ ಜಲ ಕಾಯ್ದೆಯೂ, ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ರಾಜ್ಯ ಕಾಯ್ದೆಯೂ ಇವೆ. ದೂರು ಕೊಡುವಾಗ ಕೆರೆ ಕೆಟ್ಟಿದೆ ಎಂದಷ್ಟೇ ಬರೆದರೆ ಕಡತ ಮಲಗುತ್ತದೆ. ನಾವು ಒಮ್ಮೆ ಹಾಗೆ ಬರೆದು ಎಂಟು ತಿಂಗಳು ಕಾದೆವು. ಎರಡನೆಯ ಸಲ ಚರಂಡಿಯ ಅಗಲ, ಆಳ, ನಿಂಬೆಹಣ್ಣಿನ ಸೆಕೆಂಡು, ಪ್ರಯೋಗಾಲಯದ ಅಂಕಿ, ವರ್ಷಕ್ಕೆ 23 ಚೀಲ ಎಂಬ ಲೆಕ್ಕ ಲಗತ್ತಿಸಿದಾಗ ಎಂಜಿನಿಯರರೊಬ್ಬರು ಮೂರನೆಯ ವಾರವೇ ಸ್ಥಳಕ್ಕೆ ಬಂದು, ತಾವೂ ಒಂದು ನಿಂಬೆಹಣ್ಣು ಬಿಟ್ಟು ನೋಡಿದರು.

ಇದಕ್ಕೆಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಪ್ರತಿ ಸೋಮವಾರದ ತಟ್ಟೆಯ ಆಳ, ನೀರಿನ ಬಣ್ಣ, ತೂಬಿನ ಕಲ್ಲಿನ ಮೇಲೆ ನೀರಿನ ಮಟ್ಟ, ಬಿದ್ದ ಮಳೆ. ಬಲಪುಟದಲ್ಲಿ ಒಳಬಂದ ಮತ್ತು ಹೊರಹೋದ ರಂಜಕ, ಚೀಲದ ಲೆಕ್ಕದಲ್ಲಿ. ನಮ್ಮ ಪುಸ್ತಕದ ಮೊದಲ ವರ್ಷದಲ್ಲಿ ತಟ್ಟೆ 25 ಸೆಂ.ಮೀ ದಾಟಿದ ಸೋಮವಾರಗಳು ಬೆರಳೆಣಿಕೆಯಷ್ಟು. ಹಾಸು ಆಗಿ, ಎರಡು ಬೇಸಿಗೆ ಹೂಳು ಎತ್ತಿದ ಮೇಲೆ, ಕಳೆದ ಹಸ್ತ ಮಳೆಯ ನಂತರ ನಾಲ್ಕನೆಯ ಗಂಟಿನವರೆಗೆ ಕಾಣುತ್ತಿದೆ. ಐದನೆಯ ಗಂಟು ಇನ್ನೂ ನೆನೆದಿಲ್ಲ.